ಉಳಿದದ್ದು ಒಂದೇ ಮಾತು

ಆಸ್ಪತ್ರೆಯಿಂದ ಮನೆಗೆ ಬಂದ ದಿನ ತಾತನ ಬಾಯಲ್ಲಿ ಒಂದೇ ಒಂದು ಮಾತು ಉಳಿದಿತ್ತು: "ಬೇಡ."

ಮಂಚಕ್ಕೆ ಮುಂದಿನ ಕೋಣೆಯಲ್ಲಿ ಜಾಗ ಮಾಡಬೇಕಾಯಿತು. ಅದೇ ಕೋಣೆ, ಅದೇ ಅಂಗಡಿ. ಮೂವತ್ತೆಂಟು ವರ್ಷ ತಾತ ಅಲ್ಲೇ ಸ್ಟೂಲಿನ ಮೇಲೆ ಕೂತು ಹೊಲಿಗೆ ಮಿಷನ್ ರಿಪೇರಿ ಮಾಡಿದ್ದರು. ಅರ್ಧ ಬಿಚ್ಚಿಟ್ಟಿದ್ದ ನಾಲ್ಕು ಮಿಷನ್ನುಗಳನ್ನು ಮಗ ಗೋಡೆಗೆ ಒತ್ತರಿಸಿದ. ಸೊಸೆ ಸೂಜಿ, ಬಾಬಿನ್, ಬೆಲ್ಟುಗಳ ಡಬ್ಬಿಗಳನ್ನು ಕಿಟಕಿಯ ಕಟ್ಟೆಗೆ ಏರಿಸಿದಳು.

"ಅಪ್ಪಾ, ಇಲ್ಲಿ ಗಾಳಿ ಬರುತ್ತೆ. ಸರೀನಾ?" ಮಗ ಕೇಳಿದ.

"ಬೇಡ."

"ಹಾಗಾದ್ರೆ ಒಳಗಡೆ ಹಾಕ್ಲಾ?"

"ಬೇಡ."

"ಮತ್ತೆಲ್ಲಿ ಹಾಕ್ಲಿ, ಸೂರಿನ ಮೇಲಾ?"

"ಅದು 'ಬೇಡ' ಅಲ್ಲ ಅಣ್ಣ," ಎಂದಳು ಮಗಳು. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಎರಡು ಸ್ಟಾಪ್ ಆಚೆ ಗಂಡನ ಜೊತೆ ಇದ್ದಳು. "ಡಾಕ್ಟ್ರು ಹೇಳಿದ್ದು ಮರೆತ್ಯಾ? ಲಕ್ವ ಹೊಡೆದು ಮಿದುಳಲ್ಲಿ ಮಾತಿನ ಜಾಗಕ್ಕೆ ಪೆಟ್ಟು ಬಿದ್ದಿದೆ. ಕೆಲವರಿಗೆ ಒಂದು ಬೈಗುಳ ಉಳಿಯುತ್ತಂತೆ, ಕೆಲವರಿಗೆ ಯಾರದೋ ಹೆಸರು. ಅಪ್ಪನಿಗೆ ಇದು ಉಳಿದಿದೆ. ಏನು ಹೇಳೋಕೆ ಹೋದ್ರೂ ಅದೇ ಬರುತ್ತೆ."

ಮಗನಿಗೆ ನಂಬಿಕೆ ಬರಲಿಲ್ಲ. ಬಗ್ಗಿ ಕೇಳಿದ: "ಅಪ್ಪಾ, ನೀವು ಹೆಂಗಸಾ?"

"ಬೇಡ."

"ಗಂಡಸಾ?"

"ಬೇಡ."

ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು ಪಕ್ಕನೆ ನಕ್ಕಳು. ಸೊಸೆಯೂ ನಕ್ಕಳು. ಆಮೇಲೆ ಯಾರೂ ನಗಲಿಲ್ಲ. ತಾತನ ಎಡಗಣ್ಣಿನಿಂದ ನೀರು ಇಳಿಯುತ್ತಿತ್ತು. ಅದಕ್ಕೂ ಅರ್ಥ ಇರಬೇಕೆಂದಿಲ್ಲ, ಇಂಥ ಪೆಟ್ಟಾದವರಿಗೆ ಕಾರಣವಿಲ್ಲದೆ ಕಣ್ಣೀರು ಬರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಅಜ್ಜಿ ಒಬ್ಬರೇ ಏನೂ ಕೇಳಲಿಲ್ಲ. ಒಳಗೆ ಹೋಗಿ ಗಂಜಿಗೆ ನೀರಿಟ್ಟರು.

ಅಜ್ಜಿಯದು ಕ್ರೈಸ್ತ ಮನೆತನ. ತಾತ ದೀಕ್ಷಾಸ್ನಾನ ಪಡೆದವರಲ್ಲ. ಮದುವೆಯ ಮಾತು ಬಂದಾಗ ಅಜ್ಜಿಯ ತಂದೆ ಒಂದೇ ಷರತ್ತು ಹಾಕಿದ್ದರು: ಹುಡುಗ ಮೊದಲು ದೀಕ್ಷೆ ತೆಗೆದುಕೊಳ್ಳಲಿ, ಹುಡುಗಿಯ ಮಾತು ಆಮೇಲೆ. ಇಪ್ಪತ್ತೇಳರ ಮೆಕ್ಯಾನಿಕ್ ಅವರೆದುರು ನಿಂತು, "ಹುಡುಗಿ ಬೇಕು ಅಂತ ದೇವರ ಹತ್ರ ಸುಳ್ಳು ಹೇಳಿದ್ರೆ ನಾಳೆ ನಿಮ್ಮ ಮಗಳ ಹತ್ರಾನೂ ಹೇಳ್ತೀನಿ. ನಂಬಿಕೆ ಬಂದ ದಿನ ನಾನೇ ಬಾಯಿಬಿಟ್ಟು ಹೇಳ್ತೀನಿ," ಎಂದಿದ್ದರು. ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ನಡೆಯಿತು. ಅಜ್ಜಿಯ ತಂದೆ ಬರಲಿಲ್ಲ. ನಂಬಿಕೆ ಬರುವ ಆ ದಿನಕ್ಕಾಗಿ ಅಜ್ಜಿ ನಲವತ್ತೊಂದು ವರ್ಷ ಕಾದರು.

ಹಾಗೆಂದು ತಾತ ಮೊಂಡರೇನಲ್ಲ. ಭಾನುವಾರ ತಪ್ಪದೆ ಹೆಂಡತಿಯ ಜೊತೆ ದೇವಾಲಯಕ್ಕೆ ಹೋಗಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಹಾಡಿಗೆ ಎದ್ದು ನಿಲ್ಲುತ್ತಿದ್ದರು. ಎಲ್ಲರೂ ಒಟ್ಟಿಗೆ "ನಾನು ನಂಬುತ್ತೇನೆ" ಎಂದು ಹೇಳುವಾಗ ಮಾತ್ರ ಬಾಯಿ ಮುಚ್ಚಿಕೊಂಡು ಕಾಲಿನ ಕಡೆ ನೋಡುತ್ತಿದ್ದರು. ಅಜ್ಜಿ ಮಕ್ಕಳಿಬ್ಬರಿಗೂ ಕೂಸಿದ್ದಾಗಲೇ ದೀಕ್ಷೆ ಕೊಡಿಸಿದಾಗ ಅಡ್ಡ ಬರಲಿಲ್ಲ. ಮಗ ದೊಡ್ಡವನಾಗಿ ದೇವಾಲಯದ ಮೆಟ್ಟಿಲು ಮರೆತ. ಮಗಳು ಬೇರೆ ಪಂಗಡದ ಸಭೆ ಸೇರಿ, ಇಪ್ಪತ್ತಾರನೇ ವಯಸ್ಸಿಗೆ ಕೆರೆಯಲ್ಲಿ ಪೂರ್ತಿ ಮುಳುಗಿ ಎರಡನೇ ಸಲ ದೀಕ್ಷೆ ತೆಗೆದುಕೊಂಡಳು. "ನಾನು ಕೊಡಿಸಿದ್ದೇನು, ನಲ್ಲಿ ನೀರಾ?" ಎಂದು ಅಜ್ಜಿ ಎರಡು ವರ್ಷ ಅವಳ ಜೊತೆ ಮಾತು ಬಿಟ್ಟಿದ್ದರು.

ಪೆಟ್ಟು ಬೀಳುವ ಐದು ದಿನ ಮೊದಲು, ಭಾನುವಾರ ವಾಪಸು ಬರುವಾಗ, ತಾತ ಬಸ್ಸಿನಲ್ಲಿ ಒಂದು ಮಾತು ಹೇಳಿದ್ದರು: "ಬರೋ ವಾರ ಅಯ್ಯನವರ ಹತ್ರ ಸ್ವಲ್ಪ ಮಾತಾಡೋದಿದೆ." ಅಯ್ಯನವರೆಂದರೆ ಸಭೆಯ ಪಾದ್ರಿಗಳು. ಏನು ವಿಷಯ ಎಂದು ಅಜ್ಜಿ ಕೇಳಲಿಲ್ಲ. ಕೇಳಿದರೆ ಎಲ್ಲಿ ಹಿಂದೆ ಸರಿದುಬಿಡುತ್ತಾರೋ ಎಂಬ ಭಯ. ಕಿಟಕಿಯ ಕಡೆ ಮುಖ ಮಾಡಿ, "ಹೂಂ, ಮಾತಾಡಿ," ಎಂದಿದ್ದರು, ಅಷ್ಟೇ.

ಆ ಮಾತನ್ನು ಈಗ ಅಜ್ಜಿ ಮನೆಯವರಿಗೆಲ್ಲ ಹತ್ತು ಸಲ ಹೇಳಿದರು.

ಮನೆಯ ದಿನಚರಿ ತಾತನ ಮಂಚದ ಸುತ್ತ ತಿರುಗತೊಡಗಿತು. ಮಗ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮಿಷನ್ ಮೆಕ್ಯಾನಿಕ್. ಏಳಕ್ಕೆ ಹೊರಡುವ ಮೊದಲು ಅಪ್ಪನನ್ನು ಎತ್ತಿ ಕೂರಿಸಿ, ಒದ್ದೆ ಬಟ್ಟೆ ಬದಲಿಸುತ್ತಿದ್ದ. ಸೊಸೆ ಮನೆಯಲ್ಲೇ ಶಾಲಾ ಅಂಗಿಗಳ ಕಾಲರ್ ಹೊಲಿಯುತ್ತಿದ್ದಳು. ದಿನಕ್ಕೆ ನೂರಿಪ್ಪತ್ತು ಕಾಲರ್ ಆಗುತ್ತಿದ್ದದ್ದು ಈಗ ಎಪ್ಪತ್ತಕ್ಕೆ ಇಳಿಯಿತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆಂದು ಮಗಳು ಹೆದರಿಸಿದ್ದಳು. ತಿನ್ನಿಸುವ ಗುಟ್ಟು ಮೊದಲು ಗೊತ್ತಾದದ್ದು ಸೊಸೆಗೆ.

"ಬಾಯಿ ನಂಬ್ಬೇಡಿ ಅತ್ತೆ, ತುಟಿ ನೋಡಿ. 'ಬೇಡ' ಅಂದು ಬಾಯಿ ಮುಚ್ಚಿದ್ರೆ ಬೇಡ. 'ಬೇಡ' ಅಂದು ಬಾಯಿ ತೆರೆದೇ ಇಟ್ರೆ, ಇನ್ನೊಂದು ಚಮಚ."

ಗಂಜಿಗೆ ಆ ಲೆಕ್ಕ ಹತ್ತರಲ್ಲಿ ಎಂಟು ಸಲ ಸರಿಹೋಗುತ್ತಿತ್ತು. ಬೇರೆ ಯಾವುದಕ್ಕೂ ಹೊಂದುತ್ತಿರಲಿಲ್ಲ.

ಎರಡನೇ ವಾರ ಅಜ್ಜಿ ಅಯ್ಯನವರಿಗೆ ಹೇಳಿಕಳಿಸಿದರು. ಅಯ್ಯನವರಿನ್ನೂ ನಲವತ್ತು ದಾಟದವರು, ಮೆಲುದನಿಯವರು. ಸ್ಟೂಲು ಎಳೆದುಕೊಂಡು ತಾತನ ಪಕ್ಕ ಕೂತರು. ಮಗಳೂ ಅದೇ ಹೊತ್ತಿಗೆ ಲ್ಯಾಬಿನಿಂದ ಬಂದಳು.

"ಅಯ್ಯನವರೇ, ನಿಮ್ಮ ಹತ್ರಾನೇ ಮಾತಾಡ್ಬೇಕು ಅಂದಿದ್ರು," ಎಂದರು ಅಜ್ಜಿ. "ಇನ್ನೇನು ವಿಷಯ ಇರುತ್ತೆ ಹೇಳಿ?"

ಅಯ್ಯನವರು ಅಜ್ಜಿಯ ಕಡೆ ತಿರುಗಿದರು. "ಅಮ್ಮ, ನಿಮ್ಮ ಹತ್ರ ಮುಚ್ಚಿಡಲ್ಲ. ಸಭೆಯ ಹೊಲಿಗೆ ತರಗತಿಯಲ್ಲಿ ಎರಡು ಮಿಷನ್ ಕೆಟ್ಟಿತ್ತು. ನೋಡಿ ಹೇಳ್ತೀನಿ ಅಂದಿದ್ರು. ಅದರ ವಿಷಯಾನೂ ಇರಬಹುದು. ನೀವು ಹೇಳೋದೂ ಇರಬಹುದು."

ಅಜ್ಜಿಯ ಮುಖ ಬಾಡಿತು.

ಅಯ್ಯನವರು ತಾತನ ಎಡಗೈ ಹಿಡಿದು ಕಿವಿಯ ಹತ್ತಿರ ಬಗ್ಗಿದರು. "ತಾತ, ದೀಕ್ಷಾಸ್ನಾನದ ಬಗ್ಗೆ ಕೇಳ್ತಿದೀನಿ. ನೀವು ಕರ್ತನನ್ನ ನಂಬ್ತೀರಾ? ದೀಕ್ಷೆ ಬೇಕಾ?"

"ಬೇಡ," ಎಂದರು ತಾತ. ಕಣ್ಣಿನಿಂದ ನೀರಿಳಿಯಿತು. ಅಯ್ಯನವರ ಕೈಯನ್ನು ಮಾತ್ರ ಗಟ್ಟಿಯಾಗಿ ಹಿಡಿದರು, ಬಿಡಲೇ ಇಲ್ಲ.

"ನೋಡಿ! ನೋಡಿ ಹೇಗೆ ಹಿಡಿದಿದ್ದಾರೆ!" ಅಜ್ಜಿ ಎದ್ದೇಬಿಟ್ಟರು. "ಇದಕ್ಕಿಂತ ಒಪ್ಪಿಗೆ ಬೇಕಾ?"

"ಅಮ್ಮ, ಯಾರ ಕೈ ಕೊಟ್ರೂ ಅಪ್ಪ ಬಿಡಲ್ಲ," ಎಂದಳು ಮಗಳು.

"ನೀನು ಸುಮ್ನಿರು."

ಮಗಳು ಸುಮ್ಮನಿರಲಿಲ್ಲ. ಅಯ್ಯನವರ ಕೈ ಹಿಡಿದಿದ್ದ ತಾತನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಸೊಸೆಯ ಮೇಜಿನ ಮೇಲಿದ್ದ ಬಟ್ಟೆ ಕತ್ತರಿಯ ಹಿಡಿಯನ್ನು ತಾತನ ಕೈಗಿಟ್ಟಳು. ತಾತ ಅದನ್ನೂ ಅಷ್ಟೇ ಗಟ್ಟಿಯಾಗಿ ಹಿಡಿದುಕೊಂಡರು. ಕಣ್ಣಿನ ನೀರು ಹಾಗೇ ಇಳಿಯುತ್ತಿತ್ತು.

"ಅಪ್ಪನ ಕೈಗೆ ಕತ್ತರಿ ಕೊಟ್ಟು ತೋರಿಸ್ತೀಯೇನೇ?" ಅಜ್ಜಿ ಕೂಗಿದರು. "ಹೆತ್ತ ಅಪ್ಪ ಅವರು!"

"ಹೆತ್ತ ಅಪ್ಪ ಅಂತಾನೇ ಹೇಳ್ತಿದೀನಿ. ನಂಬಿಕೆ ಮೊದಲು ಬರ್ಬೇಕು, ನೀರು ಆಮೇಲೆ. ರಕ್ಷಣೆ ನಂಬಿಕೆಯಿಂದ ಬರೋದು ಅಮ್ಮ, ಲೋಟದಿಂದಲ್ಲ. ನೀರಷ್ಟೇ ಸಾಕಾಗಿದ್ರೆ ದಿನಾ ಸ್ನಾನ ಮಾಡೋರೆಲ್ಲ ಸ್ವರ್ಗದಲ್ಲಿರ್ತಿದ್ರು."

"ನಂಬಿಕೆ ಇಲ್ಲ ಅಂತ ನಿನಗ್ಯಾರು ಹೇಳಿದ್ರು?"

"ಇದೆ ಅಂತ ನಿನಗ್ಯಾರು ಹೇಳಿದ್ರು? ಇದ್ರೆ ನೀರಿಲ್ದೇನೂ ಅಪ್ಪ ಉಳೀತಾರೆ. ಇಲ್ದಿದ್ರೆ ಒಂದು ಕೊಡ ಸುರಿದ್ರೂ ಇಲ್ಲ. ಅಷ್ಟೇ."

"ಅಷ್ಟೇನಾ?" ಎಂದರು ಅಜ್ಜಿ. "ನಿನಗೆ ಎಲ್ಲ ಎಷ್ಟು ಸುಲಭ ಕಣೆ."

ಅಯ್ಯನವರು ಇಬ್ಬರ ನಡುವೆ ಕೈ ಚಾಚಿದರು. ನೀರೂ ನಂಬಿಕೆಯೂ ಒಂದನ್ನೊಂದು ಬಿಟ್ಟಿರುವುದಿಲ್ಲ, ದೇವರ ಕೃಪೆಗೆ ನಾವು ಬೇಲಿ ಹಾಕಲಾಗದು ಎಂದರು. ಸಾವು ಹತ್ತಿರವಿದ್ದರೆ, ಪಾದ್ರಿ ಇಲ್ಲದಿದ್ದರೆ, ಯಾವ ವಿಶ್ವಾಸಿ ಬೇಕಾದರೂ ದೀಕ್ಷೆ ಕೊಡಬಹುದು ಎಂದರು. ಆದರೆ ಪ್ರಾಯಕ್ಕೆ ಬಂದವರು ತಾವಾಗಿ ಬಯಸಿರಬೇಕು, ಯಾವುದಾದರೂ ಒಂದು ಗುರುತು ಸಿಗಬೇಕು. ಹಿರಿಯರ ಸಮಿತಿಯಲ್ಲಿ ಕೇಳಿ ನೋಡುತ್ತೇನೆ ಎಂದು ಎದ್ದರು. ಅಜ್ಜಿ ಕೊಟ್ಟ ಟೀ ಹಾಗೇ ಆರಿತ್ತು.

ಸಂಜೆ ಮಗ ಕಾರ್ಖಾನೆಯಿಂದ ಬಂದು ಊಟಕ್ಕೆ ಕೂತಾಗ ತಾಯಿ, ತಂಗಿ ಇಬ್ಬರೂ ಅವನ ಮುಂದೆ ದೂರು ಇಟ್ಟರು. ಅವನು ತಟ್ಟೆಯಿಂದ ಕೈ ತೆಗೆದ.

"ನಲವತ್ತೊಂದು ವರ್ಷ ಅಪ್ಪ ತಾನೇ ಬಾಯಿಬಿಟ್ಟು ಹೇಳ್ತೀನಿ ಅಂದ್ರು. ಹೇಳ್ಲಿಲ್ಲ. ಈಗ ಬಾಯಿ ನಿಂತಿದೆ ಅಂತ ಅವರ ಪರವಾಗಿ ನೀವಿಬ್ರೂ ಮಾತಾಡ್ತಿದೀರಿ. ಬಿಟ್ಬಿಡಿ ಅವರನ್ನ."

"ಬಿಟ್ಬಿಟ್ರೆ ಎಲ್ಲಿಗೆ ಹೋಗ್ತಾರೋ?" ಎಂದರು ಅಜ್ಜಿ. "ನಾನು ಒಂದು ಕಡೆ, ಅವರು ಒಂದು ಕಡೆ? ಮಣ್ಣಿಗಾದ್ರೂ ಜೊತೆಗೆ ಹೋಗೋದು ಬೇಡ್ವಾ? ಸಭೆಯ ಸ್ಮಶಾನದಲ್ಲಿ ದೀಕ್ಷೆ ಆಗದವರಿಗೆ ಜಾಗ ಕೊಡಲ್ಲ."

ಮಗ ಮತ್ತೆ ಅನ್ನಕ್ಕೆ ಕೈ ಹಾಕಿದ. ಮಗಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟುಹೋದಳು.

ಮೂರನೇ ವಾರ ಹಿರಿಯರ ಸಮಿತಿಯಿಂದ ಉತ್ತರ ಬಂತು: ಸ್ಪಷ್ಟ ಒಪ್ಪಿಗೆ ಕಾಣದೆ ಕೊಡಲಾಗದು, ಎಲ್ಲರೂ ಪ್ರಾರ್ಥಿಸುತ್ತೇವೆ. ಅಜ್ಜಿ ಅಂದಿನಿಂದ ಗುರುತು ಹುಡುಕುವುದನ್ನೇ ಕೆಲಸ ಮಾಡಿಕೊಂಡರು. ಕಾಲರ್ ಗಂಟುಗಳ ನಡುವೆ ಕೂತು, ಒಂದು ಸಲ ಕಣ್ಣು ಮಿಟುಕಿಸಿ, ಎರಡು ಸಲ ಮಿಟುಕಿಸಿ ಎಂದು ಹೇಳಿಕೊಡುತ್ತಿದ್ದರು. ಮೊಮ್ಮಗಳು ಶಾಲೆಯಿಂದ ಬಂದು ಒಂದು ರಟ್ಟಿನ ಮೇಲೆ "ಹೌದು" ಎಂದೂ ಇನ್ನೊಂದರ ಮೇಲೆ "ಇಲ್ಲ" ಎಂದೂ ಬರೆದು ತಾತನ ಮುಂದೆ ಹಿಡಿದಳು. ತಾತ ಎರಡರ ನಡುವಿನ ಗೋಡೆ ನೋಡಿದರು. ಗೋಡೆಗೆ ಒರಗಿದ್ದ ಮಿಷನ್ ನೋಡಿದರು. ಆಮೇಲೆ ಮೊಮ್ಮಗಳ ಕೆನ್ನೆ ಮುಟ್ಟಿ, "ಬೇಡ, ಬೇಡ, ಬೇಡ," ಎಂದು ಜೋಗುಳದಂತೆ ಹೇಳಿದರು.

"ತಾತ ನನ್ನ ಮುದ್ದು ಮಾಡ್ತಿದಾರೆ ಅಜ್ಜಿ," ಎಂದಳು ಹುಡುಗಿ.

"ಹೌದು ಪುಟ್ಟಿ. ಅದು ಮಾತ್ರ ಗೊತ್ತಾಗುತ್ತೆ," ಎಂದರು ಅಜ್ಜಿ.

ನಾಲ್ಕನೇ ವಾರ ಗಂಜಿ ಗಂಟಲಲ್ಲಿ ಅಡ್ಡ ಹೋಯಿತು. ಕೆಮ್ಮು ನಿಲ್ಲಲಿಲ್ಲ, ಜ್ವರ ಏರಿತು. ಎದೆಯೊಳಗೆ ಕುದಿಯುವ ಸದ್ದು. ಆಸ್ಪತ್ರೆಗೆ ಒಯ್ದರು. ಶ್ವಾಸಕೋಶಕ್ಕೆ ಸೋಂಕು ಇಳಿದಿದೆ, ಇಲ್ಲಿಟ್ಟರೆ ಉಸಿರಿಗೆ ನಳಿಕೆ ಹಾಕಬೇಕು, ಹಾಕಿದರೂ ಭರವಸೆ ಕೊಡಲಾರೆ ಎಂದರು ಡಾಕ್ಟರು. ಮಗ ನಳಿಕೆ ಹಾಕಿಸೋಣ ಎಂದ. "ಅಪ್ಪನ್ನ ಕಟ್ಟಿಹಾಕಿ ಮಲಗಿಸ್ತಾರೆ ಅಣ್ಣ, ರಕ್ತ ತೆಗೆಯೋಕೆ ಹೋದಾಗ ಅಂಥವರನ್ನ ನಾನು ದಿನಾ ನೋಡ್ತೀನಿ," ಎಂದಳು ಮಗಳು. ಎರಡು ದಿನ ಔಷಧಿ ಕೊಡಿಸಿ ಮನೆಗೇ ಕರೆತಂದರು. ಉಳಿದಿದ್ದೆಲ್ಲ ಕಾಯುವ ಕೆಲಸ.

ಬುಧವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಮನೆಯಲ್ಲಿ ಅಜ್ಜಿ, ತಾತ ಬಿಟ್ಟರೆ ಯಾರೂ ಇರಲಿಲ್ಲ. ಮಗ ಕಾರ್ಖಾನೆಗೆ ಹೋಗಿದ್ದ, ಮೊಮ್ಮಗಳು ಶಾಲೆಗೆ. ಸೊಸೆ ಹೊಲಿದ ಕಾಲರುಗಳ ಗಂಟು ಹೊತ್ತು ಗುತ್ತಿಗೆಯವನ ಗೋದಾಮಿಗೆ ಹೋಗಿದ್ದಳು. ಅಜ್ಜಿ ಬಿಸಿನೀರಿನ ಬೋಗುಣಿ ತಂದಿಟ್ಟು ತಾತನ ಮೈ ಒರೆಸಿದರು. ಕಂಕುಳು, ಬೆನ್ನು, ಕಾಲ್ಬೆರಳ ಸಂದು. ಒಗೆದ ಅಂಗಿ ತೊಡಿಸಿದರು. ಉಸಿರು ಎಳೆದು ಎಳೆದು ಬರುತ್ತಿತ್ತು.

ಅಜ್ಜಿ ಅಡುಗೆಮನೆಗೆ ಹೋಗಿ ಬೇರೆ ಲೋಟದಲ್ಲಿ ತಣ್ಣೀರು ತಂದರು. ತಾತನ ತಲೆಯ ಕೆಳಗೆ ಮಡಚಿದ ಟವೆಲು ಇಟ್ಟರು.

"ರೀ," ಎಂದರು. "ನೀವು ಹೇಳ್ತೀನಿ ಅಂದ್ರಿ. ನಾನು ಕಾದೆ. ಇನ್ನು ನನ್ನ ಕೈಲಿ ಆಗಲ್ಲ. ತಪ್ಪಿದ್ರೆ ನನ್ನ ಮೇಲಿರಲಿ."

ಅಂಗೈಗೆ ನೀರು ಸುರಿದುಕೊಂಡು ಹಣೆಯ ಮೇಲೆ ಹಾಕಿದರು. "ತಂದೆಯ ಹೆಸರಿನಲ್ಲಿ."

"ಬೇಡ," ಎಂದರು ತಾತ.

ಅಜ್ಜಿಯ ಕೈ ನಿಂತಿತು. ತಾತನ ಕಣ್ಣು ತೆರೆದಿತ್ತು, ನೇರವಾಗಿ ಅಜ್ಜಿಯನ್ನೇ ನೋಡುತ್ತಿತ್ತು. ಒಟ್ಟಿಗೆ ಬಾಳಿದ ನಲವತ್ತೊಂದು ವರ್ಷದಲ್ಲಿ ಆ ಕಣ್ಣಿನ ಸಿಟ್ಟು ಗೊತ್ತಿತ್ತು, ಹಸಿವು ಗೊತ್ತಿತ್ತು, ತಮಾಷೆ ಗೊತ್ತಿತ್ತು. ಇದು ಯಾವುದೂ ಆಗಿರಲಿಲ್ಲ. ತುಟಿ ನೋಡಿದರು. ಉಸಿರಿಗಾಗಿ ಬಾಯಿ ಮೊದಲೇ ತೆರೆದುಕೊಂಡಿತ್ತು. ಅದರಿಂದಲೂ ಏನೂ ತಿಳಿಯುವಂತಿರಲಿಲ್ಲ.

"ಮಗನ ಹೆಸರಿನಲ್ಲಿ. ಪವಿತ್ರಾತ್ಮನ ಹೆಸರಿನಲ್ಲಿ." ಇನ್ನೆರಡು ಸಲ ನೀರು ಹಾಕಿದರು. ನೀರು ಕಿವಿಯೊಳಗೆ ಇಳಿಯಿತು. ಸೆರಗಿನ ತುದಿಯಿಂದ ಕಿವಿ ಒರೆಸಿದರು. ಆಮೇಲೆ ಸ್ಟೂಲಿನ ಮೇಲೆ ಕೂತು, ಸೊಸೆ ಬರುವವರೆಗೂ ಖಾಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಏನತ್ತೆ, ಟವೆಲ್ ಒದ್ದೆಯಾಗಿದೆ?"

"ತಲೆ ಒರೆಸಿದೆ," ಎಂದರು ಅಜ್ಜಿ.

ಶುಕ್ರವಾರ ಮಧ್ಯಾಹ್ನ ತಾತ ತೀರಿಕೊಂಡರು. ಮಗಳು ಸ್ಟೂಲಿನ ಮೇಲೆ ಕೂತು ನಾಡಿ ಹಿಡಿದಿದ್ದಳು. ಹೊರಗೆ ಯಾರೋ ಮಿಷನ್ ರಿಪೇರಿಗೆ ತಂದು ಬಾಗಿಲು ಬಡಿಯುತ್ತಿದ್ದರು. "ಇವತ್ತಿಲ್ಲ," ಎಂದು ಸೊಸೆ ಹೋಗಿ ಹೇಳಿ ಬಂದಳು.

ಎರಡು ಗಂಟೆಯೊಳಗೆ ಅಯ್ಯನವರು ಬಂದರು. ಜೊತೆಗೆ ಸಮಿತಿಯ ಹಿರಿಯರೊಬ್ಬರಿದ್ದರು, ನಿವೃತ್ತ ಪೋಸ್ಟ್‌ಮಾಸ್ಟರು. ಪ್ರಾರ್ಥನೆ ಮುಗಿಯಿತು. ಎಲ್ಲಿ ಮಣ್ಣು ಮಾಡುವುದೆಂಬ ಮಾತನ್ನು ಯಾರು ಎತ್ತಬೇಕೆಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

"ಅಯ್ಯನವರೇ," ಎಂದರು ಅಜ್ಜಿ, "ನಾನು ದೀಕ್ಷೆ ಕೊಟ್ಟಿದೀನಿ. ಬುಧವಾರ. ಮೂರು ಹೆಸರಿನಲ್ಲೂ ನೀರು ಹಾಕಿದೀನಿ."

ಸೊಸೆ ತಲೆಯೆತ್ತಿ ಅತ್ತೆಯನ್ನು ನೋಡಿದಳು. ಅಯ್ಯನವರ ಮುಖ ಅರಳಿತು. "ಅವರೇನಾದ್ರೂ ಗುರುತು ತೋರಿಸಿದ್ರಾ ಅಮ್ಮ? ತಲೆ ಆಡಿಸಿದ್ರಾ?"

ಅಜ್ಜಿ ಬಾಯಿ ತೆರೆಯುವಷ್ಟರಲ್ಲಿ ಮಗಳು ಎದ್ದು ನಿಂತಳು. "ಆಡಿಸಿದ್ರು. ಎರಡು ಸಲ. ನಾನಿದ್ದೆ."

ಅವಳು ಏನೇನು ವಾದ ಮಾಡಿದ್ದಳೆಂದು ಅಯ್ಯನವರಿಗೂ ಗೊತ್ತಿತ್ತು. ಅವಳ ಕತ್ತು, ಕಿವಿ ಕೆಂಪಾಗಿದ್ದವು. ಕಣ್ಣು ನೆಲದ ಮೇಲಿತ್ತು. ಪೋಸ್ಟ್‌ಮಾಸ್ಟರು, "ಹಾಗಾದ್ರೆ ಸಾಕ್ಷಿ ಇದೆ. ರಿಜಿಸ್ಟರಲ್ಲಿ ಬರೆಯೋಕೆ ಅಡ್ಡಿ ಇಲ್ಲ," ಎಂದರು.

ಅಜ್ಜಿ ಮಗಳನ್ನೇ ನೋಡಿದರು. ಬಹಳ ಹೊತ್ತು ನೋಡಿದರು.

"ಅವಳಿರಲಿಲ್ಲ," ಎಂದರು ಕೊನೆಗೆ. "ಯಾರೂ ಇರಲಿಲ್ಲ. ತಲೆ ಆಡಿಸ್ಲಿಲ್ಲ. 'ಬೇಡ' ಅಂದ್ರು. ನಾನು ಹಾಕಿದೆ."

"ಅವರು ಎಲ್ಲಕ್ಕೂ ಅದನ್ನೇ ಅಂತಿದ್ರಲ್ಲ!" ಮಗ ಕಿರುಚಿದ. ದೀಕ್ಷೆಯ ಮಾತೇ ಬಿಟ್ಟುಬಿಡಿ ಎಂದಿದ್ದವನು ಈಗ ಅಯ್ಯನವರ ಎದುರು ಹೋಗಿ ನಿಂತ. "ನೀರಿಗೂ ಬೇಡ, ಗಂಜಿಗೂ ಬೇಡ. ಆ ಮಾತು ಹಿಡ್ಕೊಂಡು ನಮ್ಮಪ್ಪನ್ನ ಹೊರಗೆ ಹಾಕ್ತೀರಾ?"

"ಆ ಮಾತಿಗೆ ಅರ್ಥ ಇಲ್ಲ ಅಂದ್ರೆ ಒಪ್ಪಿಗೇನೂ ಇಲ್ಲ ಅಂತಾಯ್ತಲ್ಲಪ್ಪ," ಎಂದರು ಪೋಸ್ಟ್‌ಮಾಸ್ಟರು. ಅವರ ದನಿಯಲ್ಲೂ ಗಟ್ಟಿತನ ಇರಲಿಲ್ಲ. "ನಿಯಮ ನಾವು ಮಾಡಿದ್ದಲ್ಲ."

ಅಯ್ಯನವರು ಅಜ್ಜಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. "ನೀವು ಕೊಟ್ಟದ್ದು ಸುಳ್ಳು ಅಂತ ನಾನು ಹೇಳಲ್ಲ ಅಮ್ಮ. ನಿಜ ಅಂತ ಬರೆಯೋಕೂ ನನಗಾಗ್ತಿಲ್ಲ. ದೇವರಿಗೆ ಬಿಟ್ಟದ್ದು."

"ದೇವರಿಗೆ ಬಿಟ್ಟದ್ದು ಸರಿ. ಮಣ್ಣು ನಿಮ್ಮ ಕೈಲಿತ್ತಲ್ಲ," ಎಂದರು ಅಜ್ಜಿ. ಜಗಳದ ದನಿಯಲ್ಲಿ ಹೇಳಲಿಲ್ಲ. ಅಯ್ಯನವರು ತಲೆ ತಗ್ಗಿಸಿದರು.

ನಗರಸಭೆಯ ಸ್ಮಶಾನಕ್ಕೆ ಒಯ್ದರು. ಅಯ್ಯನವರು ನಿಲುವಂಗಿ ತೊಡದೆ, ಬರೀ ಅಂಗಿಯಲ್ಲಿ ಬಂದು, ಎಲ್ಲರ ಜೊತೆ ಒಂದು ಹಿಡಿ ಮಣ್ಣು ಹಾಕಿದರು.

ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ಮಗಳು ತಾಯಿಯನ್ನು ತರಾಟೆಗೆ ತೆಗೆದುಕೊಂಡಳು.

"ನಿನಗೋಸ್ಕರ ಸುಳ್ಳು ಹೇಳಿದೆ ಅಮ್ಮ. ಜೀವಮಾನದಲ್ಲಿ ಹೇಳದವಳು. ನಾಲ್ಕು ಜನರ ಮುಂದೆ ಅದನ್ನ ಕಿತ್ತು ಬಿಸಾಕಿದೆ ನೀನು."

"ನಿಮ್ಮಪ್ಪ ಮದುವೆಗೋಸ್ಕರ ಹೇಳದೇ ಇದ್ದ ಸುಳ್ಳು," ಎಂದರು ಅಜ್ಜಿ ಪಾತ್ರೆ ಉಜ್ಜುತ್ತಾ, "ನಾನು ಗುಂಡಿಗೋಸ್ಕರ ಹೇಳ್ಲಾ?"

"ಹಾಗಾದ್ರೆ ಬೇಡ ಅಂದ ಮೇಲೂ ನೀರು ಯಾಕೆ ಹಾಕ್ದೆ?"

ನಲ್ಲಿ ಸುರಿಯುತ್ತಲೇ ಇತ್ತು. ಸೊಸೆ ಬಂದು ನಲ್ಲಿ ನಿಲ್ಲಿಸಿ, ಅತ್ತೆಯ ಕೈಯಿಂದ ಪಾತ್ರೆ ತೆಗೆದುಕೊಂಡಳು.

ಆರು ವಾರದ ನಂತರ ಒಂದು ಶನಿವಾರ ಮಗಳು ರಜೆ ಹಾಕಿ ಬಂದಳು. ತಾಯಿ ಮಗಳಿಬ್ಬರೂ ಬಸ್ಸಿನಲ್ಲಿ ನಗರಸಭೆಯ ಸ್ಮಶಾನಕ್ಕೆ ಹೋದರು. ಗೇಟಿನ ಪಕ್ಕದ ಸಣ್ಣ ಕೋಣೆಯಲ್ಲಿ ಗುಮಾಸ್ತ ಬ್ರೆಡ್ಡು ತಿನ್ನುತ್ತಿದ್ದ.

"ನಮ್ಮೆಜಮಾನರ ಪಕ್ಕದ ಜಾಗ ನನಗಿಟ್ಟಿರಿ ಅಂತ ಬರೆಸ್ಬೇಕಿತ್ತು," ಎಂದರು ಅಜ್ಜಿ. "ಸಭೆಯ ಸ್ಮಶಾನದಲ್ಲಿರೋ ನನ್ನ ಜಾಗ ಬಿಟ್ಕೊಡ್ತೀನಿ ಅಂತ ಹೇಳಿ ಬಂದಿದೀನಿ."

ಮಗಳಿಗೆ ಈ ವಿಷಯ ಗೊತ್ತಿರಲಿಲ್ಲ. ತಾಯಿಯ ಕಡೆ ತಿರುಗಿದಳು.

ಗುಮಾಸ್ತ ಬಾಯಿ ಒರೆಸಿಕೊಂಡು ಎದ್ದ. "ಇಲ್ಲಿ ಕಾದಿರಿಸೋ ಪದ್ಧತಿ ಇಲ್ಲ ಅಮ್ಮ. ಬಂದ ಹಾಗೇ ಸಾಲು. ಯಾವಾಗ ಹಾಕಿದ್ದು ನಿಮ್ಮವರನ್ನ?"

ಹೇಳಿದರು. ಅವನು ಹೊರಗೆ ಬಂದು ಕೈ ತೋರಿಸಿದ. ತಾತನ ಗುರುತಿನ ಹಲಗೆಯ ಎರಡೂ ಬದಿಗೆ ಬೇರೆ ಹಲಗೆಗಳು ಬಂದಿದ್ದವು. ಆ ಸಾಲು ಮುಗಿದು, ಮುಂದಿನ ಸಾಲು ಮುಗಿದು, ಮೂರನೆಯದು ಅರ್ಧಕ್ಕೆ ತುಂಬಿತ್ತು. ಆಚೆ ಇಬ್ಬರು ಹೊಸ ಗುಂಡಿ ತೋಡುತ್ತಿದ್ದರು.

"ಪಕ್ಕದಲ್ಲಿರೋದು ಯಾರು?" ಅಜ್ಜಿ ಕೇಳಿದರು.

"ಯಾರೋ ಅಮ್ಮ. ಪುಸ್ತಕದಲ್ಲಿ ನಂಬರ್ ಇದೆ."

ಹಲಗೆಯ ಹತ್ತಿರ ಹೋಗಿ ಇಬ್ಬರೂ ನಿಂತರು. ಮಣ್ಣು ಕುಸಿದು ತಗ್ಗಾಗಿತ್ತು. ಮಗಳು ಬಗ್ಗಿ ಎರಡು ಕಲ್ಲು ತೆಗೆದು ಪಕ್ಕಕ್ಕೆ ಹಾಕಿದಳು.

"ನಿನಗೆ ಓದಿ ಗೊತ್ತಿದೆ," ಎಂದರು ಅಜ್ಜಿ. "ನಿಮ್ಮ ಸಭೆಯಲ್ಲಿ ಎಲ್ಲಾ ಬಿಡಿಸಿ ಹೇಳ್ತಾರೆ. ಹೇಳು, ನಿಮ್ಮಪ್ಪನಿಗೆ ನಂಬಿಕೆ ಇತ್ತಾ?"

ಮಗಳು ಉತ್ತರಕ್ಕಾಗಿ ಬಾಯಿ ತೆರೆದಳು. ಯಾವಾಗಲೂ ಅವಳಿಗೆ ಉತ್ತರ ನಾಲಿಗೆಯ ತುದಿಯಲ್ಲಿರುತ್ತಿತ್ತು. ಈಗ ತಾಯಿಯ ಮುಖ ನೋಡಿದಳು, ಮಣ್ಣು ನೋಡಿದಳು.

"ಗೊತ್ತಿಲ್ಲಮ್ಮ," ಎಂದಳು. "ನನಗೆ ಗೊತ್ತಿಲ್ಲ."

ಅಜ್ಜಿ ತಲೆಯಾಡಿಸಿದರು. ಇಷ್ಟು ದಿನದಲ್ಲಿ ಮೊದಲ ಸಲ ಮಗಳ ತೋಳಿಗೆ ಕೈ ಕೊಟ್ಟು ಭಾರ ಹಾಕಿದರು. ಇಬ್ಬರೂ ಗೇಟಿನ ಕಡೆ ನಿಧಾನವಾಗಿ ನಡೆದರು. ಹಿಂದೆ ಗುದ್ದಲಿಯ ಸದ್ದು ನಿಂತಿರಲಿಲ್ಲ.